ಎರಡನೆಯವರಾಗಿ ಬಂದವರು: ಡಗ್ಲಸ್ ವಿಮಾನ ಸಂಸ್ಥೆಯ ಏಳುಬೀಳು

ಪ್ರಯಾಣಿಕರ ವಿಮಾನಗಳನ್ನು ಕಟ್ಟಿ ಮಾರುವ ಉದ್ಯಮದ ಚರಿತ್ರೆಯನ್ನು ಬರೆಯಹೊರಟವರು ಈಚಿನ ದಿನಗಳಲ್ಲಿ ಬೋಯಿಂಗ್, ಏರ್‌ಬಸ್ ಎಂಬ ಎರಡು ಹೆಸರುಗಳನ್ನು ಎದುರುಬದುರು ನಿಲ್ಲಿಸಿ, ಅವೆರಡರ ಸೋಲುಗೆಲವುಗಳನ್ನು ಎಣಿಸುವುದರಲ್ಲಿಯೇ ತಮ್ಮ ಕಾರ್ಯವು ಮುಗಿಯಿತೆಂದು ಭಾವಿಸುತ್ತಾರೆ. ಆದರೆ ಏರ್‌ಬಸ್ ಇನ್ನೂ ಹುಟ್ಟದೆ, ಬೋಯಿಂಗ್ ಮುಖ್ಯವಾಗಿ ಬಾಂಬರ್ ವಿಮಾನಗಳ ಕಾರ್ಖಾನೆಯೆಂದೇ ಪ್ರಸಿದ್ಧವಾಗಿದ್ದ ಕಾಲದಲ್ಲಿ, ಎಂದರೆ 1934ರಿಂದ 1958ರವರೆಗಿನ ಕಾಲು ಶತಮಾನದಲ್ಲಿ, ಲೋಕದ ಆಕಾಶಮಾರ್ಗಗಳಲ್ಲಿ ಅಗ್ರಸ್ಥಾನವನ್ನು ಪಡೆದಿದ್ದುದು ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾ ಪಟ್ಟಣದ ಡಗ್ಲಸ್ ಸಂಸ್ಥೆ. ಆ ಸಂಸ್ಥೆ ಈಗಿಲ್ಲ. ಅದು ಕೆಟ್ಟ ವಿಮಾನಗಳನ್ನು ಕಟ್ಟಿ ಕೆಟ್ಟಿತೆಂದು ಹೇಳುವವರು ಅದರ ಚರಿತ್ರೆಯನ್ನು ಅರ್ಧ ಮಾತ್ರ ಓದಿದವರು. ಪ್ರತಿಸ್ಪರ್ಧಿಯು ಮೊದಲ ಹೆಜ್ಜೆಯನ್ನಿಡುವವರೆಗೆ ತಾಳಿದ್ದು, ಅವನ ಕೃತಿಯ ಕುಂದುಕೊರತೆಗಳನ್ನು ಅರಿತು, ಕೊಳ್ಳುವವರ ಮಾತಿಗೆ ಕಿವಿಗೊಟ್ಟು, ಎರಡನೆಯವರಾಗಿ ಬಂದು ಗೆಲ್ಲುವುದು ಡಗ್ಲಸ್‌ನವರ ಪದ್ಧತಿಯಾಗಿದ್ದಿತು. ಒಂದು ಹೊಸ ವಿಮಾನಕ್ಕೆ ಕೆಲವು ಲಕ್ಷ ಡಾಲರುಗಳು ಸಾಕಾಗುತ್ತಿದ್ದ ದಿನಗಳಲ್ಲಿ ಈ ಪದ್ಧತಿ ವಿವೇಕವೆನಿಸಿತು. ಆ ವೆಚ್ಚವು ಕೋಟಿಗಳನ್ನು ದಾಟಿ ಏರತೊಡಗಿದಾಗ ಅದೇ ಪದ್ಧತಿ ಸಂಸ್ಥೆಯ ಮೃತ್ಯುವಿಗೆ ಕಾರಣವಾಯಿತು.

ಸಂಸ್ಥಾಪಕರಾದ ಡಾನಲ್ಡ್ ವಿಲ್ಸ್ ಡಗ್ಲಸರು 1892ರಲ್ಲಿ ಬ್ರೂಕ್ಲಿನ್ನಿನಲ್ಲಿ ಜನಿಸಿದರು. ಎಳೆಯ ಪ್ರಾಯದಲ್ಲಿ, 1908ರಲ್ಲಿ, ಫೋರ್ಟ್ ಮೈಯರ್ ಮೈದಾನದಲ್ಲಿ ಆರ್ವಿಲ್ ರೈಟರು ಸೇನಾಧಿಕಾರಿಗಳ ಮುಂದೆ ತಮ್ಮ ಯಂತ್ರವನ್ನು ಹಾರಿಸಿ ತೋರಿಸಿದುದನ್ನು ಕಂಡವರು. ಅನಾಪೊಲಿಸ್‌ನ ನೌಕಾ ವಿದ್ಯಾಲಯವನ್ನು ನಡುವಿನಲ್ಲಿಯೇ ಬಿಟ್ಟು, ಮ್ಯಾಸಚುಸೆಟ್ಸ್ ತಾಂತ್ರಿಕ ಸಂಸ್ಥೆಯನ್ನು ಸೇರಿ, 1914ರಲ್ಲಿ ಪದವಿ ಪಡೆದವರು. ಗ್ಲೆನ್ ಮಾರ್ಟಿನ್ನರ ಕಾರ್ಖಾನೆಯಲ್ಲಿ ಮುಖ್ಯ ಎಂಜಿನಿಯರಾಗಿ ಹೆಸರು ಮಾಡಿದ ಮೇಲೆ ಕ್ಯಾಲಿಫೋರ್ನಿಯಕ್ಕೆ ಬಂದು, ಡೇವಿಡ್ ಡೇವಿಸ್ ಎಂಬ ಧನಿಕರು ಕೊಟ್ಟ 40,000 ಡಾಲರುಗಳ ಬಂಡವಾಳದಿಂದ, ಒಂದು ಕ್ಷೌರದಂಗಡಿಯ ಹಿಂಬದಿಯ ಕೋಣೆಯಲ್ಲಿ ಕಚೇರಿಯನ್ನು ತೆರೆದರು. ಅಮೆರಿಕ ಖಂಡವನ್ನು ಎಲ್ಲಿಯೂ ಇಳಿಯದೆ ದಾಟಬೇಕೆಂದು ಕಟ್ಟಿದ ಅವರ 'ಕ್ಲೌಡ್‌ಸ್ಟರ್' ವಿಮಾನವು ಎಂಜಿನು ಕೆಟ್ಟು ಅರ್ಧದಾರಿಯಲ್ಲೇ ಇಳಿಯಿತು; ಡೇವಿಸರು ಕೈಬಿಟ್ಟರು. ನೌಕಾಪಡೆಯ ಟಾರ್ಪಿಡೊ ವಿಮಾನಗಳ ಬೇಡಿಕೆಯೊಂದೇ ಆಗ ಡಗ್ಲಸರನ್ನು ಉಳಿಸಿತು. 1924ರಲ್ಲಿ ಅಮೆರಿಕದ ಸೇನೆಯು ಭೂಪ್ರದಕ್ಷಿಣೆಗಾಗಿ ಸಿಯಾಟಲಿನಿಂದ ಕಳುಹಿಸಿದ ನಾಲ್ಕು ಡಗ್ಲಸ್ ವಿಮಾನಗಳ ಪೈಕಿ ಎರಡು, ಕಲ್ಕತ್ತೆ, ಕರಾಚಿಗಳ ಮಾರ್ಗವಾಗಿ ಲೋಕವನ್ನು ಸುತ್ತಿ, 175 ದಿನಗಳ ತರುವಾಯ ಹೊರಟಲ್ಲಿಗೇ ಮರಳಿದುವು. ಗೋಳವನ್ನು ಬಳಸಿ ಹಾರುವ ವಿಮಾನಗಳ ಚಿತ್ರವೇ ಅಲ್ಲಿಂದ ಮುಂದೆ ಸಂಸ್ಥೆಯ ಲಾಂಛನವಾಯಿತು.

ಪ್ರಯಾಣಿಕರ ವಿಮಾನದ ಕಡೆಗೆ ಡಗ್ಲಸರು ತಾವಾಗಿ ಹೊರಳಿದವರಲ್ಲ. 1931ರ ಮಾರ್ಚ್ 31ರಂದು ಟಿ.ಡಬ್ಲ್ಯು.ಎ. ಸಂಸ್ಥೆಯ ಫಾಕರ್ ವಿಮಾನವೊಂದು, ಅಂಟಿನಿಂದ ಕೂಡಿಸಿದ ಮರದ ರೆಕ್ಕೆಯು ಮುರಿದು, ಕಾನ್ಸಾಸ್ ಪ್ರಾಂತದ ಬಯಲಿನಲ್ಲಿ ಬಿದ್ದಿತು. ಮಡಿದವರಲ್ಲಿ ಅಮೆರಿಕದ ಜನ ಆರಾಧಿಸುತ್ತಿದ್ದ ಫುಟ್‌ಬಾಲ್ ತರಬೇತುದಾರ ನ್ಯೂಟ್ ರಾಕ್ನಿಯೂ ಒಬ್ಬರಾದುದರಿಂದ, ಮರದ ವಿಮಾನಗಳಲ್ಲಿ ಇನ್ನು ಕೂರೆವೆಂಬ ಭಾವನೆಯು ದೇಶವನ್ನೆಲ್ಲ ವ್ಯಾಪಿಸಿತು. ಇದಕ್ಕೆ ಮೊದಲು ಉತ್ತರ ಕೊಟ್ಟವರು ಬೋಯಿಂಗ್‌ನವರು. 1933ರ ಫೆಬ್ರವರಿಯಲ್ಲಿ ಹಾರಿದ ಅವರ 247 ಎಂಬ ವಿಮಾನವು ಸರ್ವಲೋಹಮಯವಾದುದು, ಎರಡು ಎಂಜಿನುಗಳದು, ಚಕ್ರಗಳನ್ನು ಒಳಕ್ಕೆಳೆದುಕೊಳ್ಳುವಂಥದು. ಆಧುನಿಕ ವಿಮಾನವೆಂದು ನಾವು ಕರೆಯುವುದರ ಆದಿರೂಪವೇ ಅದು. ಆದರೆ ಬೋಯಿಂಗ್ ಕಾರ್ಖಾನೆಯೂ ಯುನೈಟೆಡ್ ವಿಮಾನಯಾನವೂ ಆಗ ಒಂದೇ ಮನೆತನಕ್ಕೆ ಸೇರಿದ್ದುದರಿಂದ, ಮೊದಲ 60 ವಿಮಾನಗಳು ಮನೆಯವರಿಗೇ ಮೀಸಲು ಎಂದಾಗಿ, ಹೊರಗಿನವರು ಕಾದಿರಬೇಕಾಯಿತು. ತನ್ನ ಸರಕನ್ನು ಅರಸಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿದ ಈ ಒಂದು ತಪ್ಪಿಗೆ ಬೋಯಿಂಗ್ ತೆತ್ತ ಬೆಲೆ ಇಪ್ಪತ್ತೈದು ವರ್ಷಗಳ ಹಿನ್ನಡೆ ಎಂದರೆ ಅತಿಶಯೋಕ್ತಿಯಾಗದು.

ಹೀಗೆ ಬಾಗಿಲಲ್ಲಿ ನಿಂತವರಲ್ಲಿ ಟಿ.ಡಬ್ಲ್ಯು.ಎ.ಯ ಜ್ಯಾಕ್ ಫ್ರೈ ಒಬ್ಬರು. 1932ರ ಆಗಸ್ಟ್ 2ರಂದು ಅವರು ಕೆಲವು ಕಾರ್ಖಾನೆಗಳಿಗೆ ಬರೆದ ಕಿರುಪತ್ರವು ವಿಮಾನಚರಿತ್ರೆಯ ಪ್ರಸಿದ್ಧ ದಾಖಲೆಗಳಲ್ಲೊಂದು: ಲೋಹದ ವಿಮಾನ ಬೇಕು, ಮೂರು ಎಂಜಿನುಗಳಿರಬೇಕು, 12 ಮಂದಿಯನ್ನು ಹೊರಬೇಕು, 1,080 ಮೈಲಿ ಸಾಗಬೇಕು, ಒಂದು ಎಂಜಿನು ನಿಂತರೂ ತಮ್ಮ ಮಾರ್ಗದ ಯಾವ ನಿಲ್ದಾಣದಿಂದಲಾದರೂ ಮೇಲೇಳಬೇಕು. ಡಗ್ಲಸರೂ, ಕಿಂಡಲ್‌ಬರ್ಗರ್, ಆರ್ಥರ್ ರೇಮಂಡ್ ಮೊದಲಾದ ಅವರ ಎಂಜಿನಿಯರುಗಳೂ ಇದನ್ನು ಓದಿ, ಮೂರರ ಕೆಲಸವನ್ನು ಎರಡೇ ಎಂಜಿನುಗಳಿಂದ ಮಾಡಿಸಬಹುದೆಂದು ನಿಶ್ಚಯಿಸಿದರು. ಬೋಯಿಂಗ್ 247ರಲ್ಲಿ ರೆಕ್ಕೆಯ ತೊಲೆಯು ಪ್ರಯಾಣಿಕರ ಕೋಣೆಯನ್ನೇ ಅಡ್ಡಲಾಗಿ ಹಾಯ್ದು, ನಡೆಯುವವರೆಲ್ಲ ಅದನ್ನು ದಾಟಿ ಹೋಗಬೇಕಾಗಿದ್ದಿತು. ಡಗ್ಲಸ್‌ನವರು ರೆಕ್ಕೆಯನ್ನು ನೆಲದ ಕೆಳಗೆ ಇರಿಸಿ, ಎದ್ದು ನಿಂತು ನಡೆಯಬಹುದಾದ ನೇರವಾದ ಓಣಿಯನ್ನು ಒದಗಿಸಿದರು. 1933ರ ಜುಲೈ 1ರಂದು ಡಿಸಿ-1 ಹಾರಿತು. ಅದೇ ವರ್ಷ ಆರಿಜೋನದ ಎತ್ತರದ ನಿಲ್ದಾಣವಾದ ವಿನ್‌ಸ್ಲೋದಲ್ಲಿ, ನೆಲ ಬಿಡುವ ಹೊತ್ತಿಗೆ ಒಂದು ಎಂಜಿನನ್ನು ನಿಲ್ಲಿಸಿ, ಮತ್ತೊಂದರ ಬಲದಿಂದಲೇ ಅದನ್ನು ಆಲ್ಬುಕರ್ಕಿಯವರೆಗೆ ಕೊಂಡೊಯ್ದಾಗ, ಫ್ರೈಯವರ ಪತ್ರಕ್ಕೆ ಪೂರ್ಣ ಉತ್ತರ ದೊರೆತಂತಾಯಿತು. ಡಿಸಿ-1 ಎಂಬುದು ಕಟ್ಟಿದುದು ಒಂದೇ. ಅದನ್ನು ತುಸು ಹಿಗ್ಗಿಸಿ 14 ಆಸನಗಳ ಡಿಸಿ-2 ಮಾಡಿದರು.

ಎರಡು ವಿಮಾನಗಳ ಬಲಾಬಲವನ್ನು ಲೋಕದೆದುರು ತೂಗಿ ತೋರಿಸಿದುದು 1934ರ ಅಕ್ಟೋಬರಿನಲ್ಲಿ ನಡೆದ ಇಂಗ್ಲೆಂಡ್–ಮೆಲ್ಬರ್ನ್ ಪಂದ್ಯ. ಸ್ಪರ್ಧಿಗಳು ಬಾಗ್ದಾದ್, ಅಲಹಾಬಾದು, ಸಿಂಗಪುರಗಳಲ್ಲಿ ಇಳಿದೇ ಮುಂದೆ ಸಾಗಬೇಕೆಂಬ ನಿಯಮವಿದ್ದುದರಿಂದ ನಮ್ಮ ಅಲಹಾಬಾದಿನ ಜನರೂ ಅದನ್ನು ಕಣ್ಣಾರೆ ಕಂಡರು. ಪಂದ್ಯಕ್ಕೆಂದೇ ನಿರ್ಮಿಸಿದ ಬ್ರಿಟಿಷ್ ಶೀಘ್ರಗಾಮಿ ವಿಮಾನವು ಮೊದಲನೆಯದಾಗಿ ಮುಟ್ಟಿದುದರಲ್ಲಿ ವಿಶೇಷವೇನಿಲ್ಲ. ಎರಡನೆಯದಾಗಿ ಮುಟ್ಟಿದುದು ಪ್ರಯಾಣಿಕರನ್ನೂ ಟಪಾಲನ್ನೂ ಹೊತ್ತಿದ್ದ ಡಚ್ಚರ ಡಿಸಿ-2. ಅದೂ ಬಿರುಗಾಳಿಯ ರಾತ್ರಿಯಲ್ಲಿ ದಾರಿ ತಪ್ಪಿ, ಆಲ್ಬರಿ ಎಂಬ ಆಸ್ಟ್ರೇಲಿಯದ ಊರಿನ ಜನ ಕುದುರೆ ಪಂದ್ಯದ ಮೈದಾನದ ಸುತ್ತ ಕಾರುಗಳನ್ನು ನಿಲ್ಲಿಸಿ ದೀಪ ತೋರಿಸಿದ್ದರಿಂದ ಇಳಿದು, ಬೆಳಗಾದ ಮೇಲೆ ಕೆಸರಿನಿಂದ ಎಳೆಸಿಕೊಂಡು ಮುಂದುವರಿದು ಪಡೆದ ಸ್ಥಾನವದು. ಬೋಯಿಂಗ್ 247 ಮೂರನೆಯದಾಯಿತು. ಒಟ್ಟು 75ಕ್ಕೆ ಅದರ ನಿರ್ಮಾಣ ನಿಂತಿತು.

ಅಮೆರಿಕನ್ ಏರ್‌ಲೈನ್ಸಿನ ಸಿ.ಆರ್. ಸ್ಮಿತ್ತರು ದೂರವಾಣಿಯ ಮೂಲಕ ಡಗ್ಲಸರನ್ನು ಹಿಡಿದು, ಮಲಗಿ ಪಯಣಿಸಬಲ್ಲ ಅಗಲವಾದ ವಿಮಾನ ಬೇಕೆಂದು ಒತ್ತಾಯಿಸಿದಾಗಲೂ ಡಗ್ಲಸರು ಹಿಂಜರಿದರೆಂಬುದು ಪ್ರಸಿದ್ಧವಾದ ಸಂಗತಿ. ಡಿಸಿ-2 ಚೆನ್ನಾಗಿ ಮಾರುತ್ತಿರುವಾಗ ಮತ್ತೊಂದೇಕೆ ಎಂಬುದು ಅವರ ಪ್ರಶ್ನೆ. ಕೊನೆಗೆ ಒಪ್ಪಿ ಕಟ್ಟಿದ ವಿಮಾನವು 1935ರ ಡಿಸೆಂಬರ್ 17ರಂದು, ರೈಟ್ ಸಹೋದರರ ಮೊದಲ ಹಾರಾಟದ 32ನೆಯ ವಾರ್ಷಿಕ ದಿನದಂದು, ಮೇಲೇರಿತು. ರಾತ್ರಿ 14 ಶಯ್ಯೆಗಳು, ಹಗಲಿನ ರೂಪದಲ್ಲಿ 21 ಆಸನಗಳು: ಇದೇ ಡಿಸಿ-3. ಅದುವರೆಗೆ ವಿಮಾನಯಾನ ಸಂಸ್ಥೆಗಳು ಸರ್ಕಾರದ ಟಪಾಲಿನ ಹಣದಿಂದ ಬದುಕುತ್ತಿದ್ದುವು. ಕೇವಲ ಪ್ರಯಾಣಿಕರಿಂದ ಬರುವ ಹಣದಿಂದಲೇ ಲಾಭ ತೋರಿಸಿದ ಮೊದಲ ವಿಮಾನ ಇದಾದುದರಿಂದ, ಅದರೊಡನೆ ಆಕಾಶಯಾನವು ಧರ್ಮಕಾರ್ಯದ ಸ್ಥಿತಿಯನ್ನು ಬಿಟ್ಟು ವ್ಯಾಪಾರವಾಯಿತು.

ಬೆಂಗಳೂರಿನವರಿಗೆ ಈ ವಿಮಾನವು 'ಡಕೋಟಾ' ಎಂಬ ಅದರ ಯುದ್ಧಕಾಲದ ಹೆಸರಿನಿಂದಲೇ ಪರಿಚಿತ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದೊಡನೆ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು, ಯುದ್ಧವು ಬರ್ಮಾ ಗಡಿಗೆ ಬಂದಾಗ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿ, ಅಸ್ಸಾಮಿನಿಂದ ಹಿಮಾಲಯವನ್ನು ದಾಟಿ ಚೀನಕ್ಕೆ ಸಾಮಗ್ರಿ ಹೊರುತ್ತಿದ್ದ ಪಡೆಗಳ ವಿಮಾನಗಳನ್ನು ಬಿಚ್ಚಿ ಜೋಡಿಸುವ ಕೆಲಸದಲ್ಲಿ ತೊಡಗಿತು. ಯುದ್ಧಾನಂತರ, ಸೇನೆಗೆ ಬೇಡವಾಗಿ ಉಳಿದ ಡಕೋಟಾಗಳನ್ನು ಪ್ರಯಾಣಿಕರ ವಿಮಾನಗಳಾಗಿ ಮಾರ್ಪಡಿಸಿದವರೂ ಇಲ್ಲಿಯ ಕೆಲಸಗಾರರೇ. ಅಗ್ಗವಾಗಿ ದೊರೆತ ಈ ವಿಮಾನಗಳನ್ನು ನೆಚ್ಚಿ ನಮ್ಮ ದೇಶದಲ್ಲಿ ಹಲವು ಖಾಸಗಿ ಸಂಸ್ಥೆಗಳು ತಲೆಯೆತ್ತಿದುವು. 1949ರಿಂದ ಮುಂಬಯಿ, ಮದರಾಸು, ಕಲ್ಕತ್ತೆ, ದೆಹಲಿಗಳ ಟಪಾಲನ್ನು ರಾತ್ರೋರಾತ್ರಿ ನಾಗಪುರದಲ್ಲಿ ಕಲೆಸಿ ಮರಳಿಸುವ ವ್ಯವಸ್ಥೆಯನ್ನೂ ಅವೇ ಹೊತ್ತುವು. 1953ರ ರಾಷ್ಟ್ರೀಕರಣದಲ್ಲಿ ಇಂಡಿಯನ್ ಏರ್‌ಲೈನ್ಸಿಗೆ ಪಿತ್ರಾರ್ಜಿತವಾಗಿ ಬಂದ 99 ವಿಮಾನಗಳಲ್ಲಿ 74 ಡಕೋಟಾಗಳು. ಡಗ್ಲಸ್ ಕಾರ್ಖಾನೆಗಳು ಕಟ್ಟಿದ ಈ ಮಾದರಿಯ ವಿಮಾನಗಳು ಹತ್ತು ಸಾವಿರವನ್ನು ಮೀರಿದುವು; ಇನ್ನಾವ ಪ್ರಯಾಣಿಕ ವಿಮಾನಕ್ಕೂ ಅಷ್ಟು ದೀರ್ಘಾಯುಷ್ಯ ಲಭಿಸಿಲ್ಲ.

ಯುದ್ಧಾನಂತರದ ಹತ್ತು ವರ್ಷ ಡಿಸಿ-6, ಡಿಸಿ-7ಗಳಿಗೂ ಲಾಕ್‌ಹೀಡಿನ ಕಾನ್‌ಸ್ಟಲೇಷನ್ನಿಗೂ ನಡೆದ ಸ್ಪರ್ಧೆಯ ಕಾಲ. 1948ರ ಜೂನ್ 8ರಂದು 'ಮಲಬಾರ್ ಪ್ರಿನ್ಸೆಸ್' ಎಂಬ ಹೆಸರಿನಿಂದ ಮುಂಬಯಿಯಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನವು ಈ ಕಾನ್‌ಸ್ಟಲೇಷನ್ ಜಾತಿಯದು; ನೋಡುವುದಕ್ಕೆ ಅದೇ ಚೆಲುವು, ನನ್ನ ಅಭಿಪ್ರಾಯವೂ ಅದೇ. ಆದರೆ ಲೆಕ್ಕಪತ್ರದವರ ಮೆಚ್ಚುಗೆ ಡಗ್ಲಸ್ಸಿನ ಕಡೆಗಿದ್ದಿತು.

ಈ ನೆಮ್ಮದಿಯೇ ಮುಂದಿನ ಅನರ್ಥದ ಬೀಜ. ಜೆಟ್ ಯುಗವನ್ನು ಮೊದಲು ತೆರೆದವರು ಬ್ರಿಟಿಷರು. ಡಿ ಹ್ಯಾವಿಲೆಂಡ್‌ನವರ ಕಾಮೆಟ್ ವಿಮಾನವು 1952ರ ಮೇ 2ರಂದು ಪ್ರಯಾಣಿಕರ ಸೇವೆಗೆ ಬಂದಿತು. ಸರಿಯಾಗಿ ಒಂದು ವರ್ಷದ ತರುವಾಯ, 1953ರ ಮೇ 2ರಂದು, ಕಲ್ಕತ್ತೆಯಿಂದ ಹೊರಟ ಕಾಮೆಟ್ ಒಂದು ಬಿರುಮಳೆಯಲ್ಲಿ ಸಿಕ್ಕಿ ಛಿದ್ರವಾಯಿತು. 1954ರಲ್ಲಿ ಇಟಲಿಯ ಸಮುದ್ರದ ಮೇಲೆ ಇನ್ನೆರಡು ಹೋದುವು. ಫಾರ್ನ್‌ಬರೋದ ವಿಜ್ಞಾನಿಗಳು ಇಡಿಯ ವಿಮಾನವನ್ನು ನೀರಿನ ತೊಟ್ಟಿಯಲ್ಲಿರಿಸಿ, ಒಳಗಿನ ಒತ್ತಡವನ್ನು ಸಾವಿರಾರು ಬಾರಿ ಏರಿಸಿ ಇಳಿಸಿ, ಲೋಹವು ದಣಿದು ಬಿರಿಯುವುದೇ ದುರಂತದ ಮೂಲವೆಂದು ಸಿದ್ಧಪಡಿಸಿದರು. ಮೊದಲಿಗನಾಗುವುದು ಎಷ್ಟು ಅಪಾಯವೆಂಬುದಕ್ಕೆ ಡಗ್ಲಸರಿಗೆ ಇದಕ್ಕಿಂತ ದೃಢವಾದ ಪ್ರಮಾಣ ಬೇಕಿರಲಿಲ್ಲ.

ಆದರೆ ಸಿಯಾಟಲಿನಲ್ಲಿ ಬೋಯಿಂಗಿನ ಅಧ್ಯಕ್ಷರಾದ ಬಿಲ್ ಆಲನ್ನರ ಲೆಕ್ಕಾಚಾರವೇ ಬೇರೆ. ಹಿಂಬಾಗಿದ ರೆಕ್ಕೆಯ ಜೆಟ್ ಬಾಂಬರುಗಳನ್ನು ಕಟ್ಟಿದ ಅನುಭವ ಅವರ ಎಂಜಿನಿಯರುಗಳಲ್ಲಿದ್ದಿತು. ಹಾರುತ್ತಿರುವ ಬಾಂಬರುಗಳಿಗೆ ಇಂಧನ ತುಂಬುವ ಜೆಟ್ ಟ್ಯಾಂಕರು ವಾಯುಪಡೆಗೆ ಬೇಕಾಗಿಯೇ ಬೇಕಾಗುವುದೆಂಬ ನಂಬಿಕೆಯೂ ಇದ್ದಿತು. ಯಾರೂ ಕೇಳದಿರುವಾಗಲೇ ಸಂಸ್ಥೆಯ ಸ್ವಂತ ಹಣ 1 ಕೋಟಿ 60 ಲಕ್ಷ ಡಾಲರುಗಳನ್ನು ಸುರಿದು ಕಟ್ಟಿಸಿದ ಮಾದರಿ ವಿಮಾನವು 1954ರ ಜುಲೈ 15ರಂದು ಹಾರಿತು. ಮುಂದಿನ ವರ್ಷ ವಿಮಾನಯಾನ ಸಂಸ್ಥೆಗಳ ಮುಖ್ಯಸ್ಥರು ಲೇಕ್ ವಾಷಿಂಗ್ಟನ್ ಸರೋವರದಲ್ಲಿ ದೋಣಿ ಪಂದ್ಯವನ್ನು ನೋಡುತ್ತಿರುವಾಗ, ಟೆಕ್ಸ್ ಜಾನ್‌ಸ್ಟನ್ ಎಂಬ ಪೈಲಟನು ಆ ಬೃಹದ್ವಿಮಾನವನ್ನು ಅವರ ತಲೆಯ ಮೇಲೆ ಸುರುಳಿಯಾಗಿ ಮಗುಚಿ ಹಾರಿಸಿದನು; ಮಾಲೀಕರ ಅನುಮತಿಯನ್ನು ಆತನು ಪಡೆದಿರಲಿಲ್ಲ.

ಡಗ್ಲಸ್‌ನವರು ಡಿಸಿ-8ನ್ನು ಕಟ್ಟುವೆವೆಂದು ಸಾರಿದುದು 1955ರ ಜೂನಿನಲ್ಲಿ. ಆಗ ಅವರಲ್ಲಿದ್ದುದು ನಕ್ಷೆಗಳು ಮಾತ್ರ. ಆದರೂ ಹೆಸರಿನ ಬಲವೆಂಬುದು ಸಾಮಾನ್ಯವಲ್ಲ: ಪ್ಯಾನ್ ಆಮ್ ಸಂಸ್ಥೆಯ ಹ್ವಾನ್ ಟ್ರಿಪ್ಪೆಯವರು ಅಕ್ಟೋಬರ್ 13ರಂದು ತಮ್ಮ ಕೊಳ್ಳಿಕೆಯನ್ನು ಪ್ರಕಟಿಸಿದಾಗ, ಹಾರುತ್ತಿದ್ದ ಬೋಯಿಂಗಿಗೆ 20, ಕಾಗದದ ಮೇಲಿದ್ದ ಡಗ್ಲಸ್ಸಿಗೆ 25. ಯುನೈಟೆಡ್ ಸಂಸ್ಥೆಯೂ ಕಾಗದದ ವಿಮಾನವನ್ನೇ ವರಿಸಿತು, ಏಕೆಂದರೆ ಅದರ ಒಡಲು ಅಗಲವಾಗಿದ್ದು ಸಾಲಿಗೆ ಆರು ಆಸನಗಳು ಸುಖವಾಗಿ ಹಿಡಿಯುತ್ತಿದ್ದುವು. ಇಲ್ಲಿ ಬೋಯಿಂಗ್‌ನವರು ಮಾಡಿದ ಕಾರ್ಯವನ್ನು ಇಡಿಯ ಕಥೆಯ ತಿರುಗುದಾಣವೆಂದು ನಾನು ಎಣಿಸುತ್ತೇನೆ. ಅಪಾರ ವೆಚ್ಚದಿಂದ ಸಿದ್ಧಗೊಳಿಸಿದ ಅಚ್ಚುಗಳನ್ನೂ ಸಲಕರಣೆಗಳನ್ನೂ ಬದಿಗಿಟ್ಟು, ಆ ಮಾದರಿಯಿಂದ ಬೆಳೆದ ತಮ್ಮ 707 ವಿಮಾನದ ಒಡಲನ್ನು ಮತ್ತೆ ಹಿಗ್ಗಿಸಿ 148 ಅಂಗುಲಕ್ಕೆ ತಂದರು. ಡಿಸಿ-8ರ ಅಗಲ 147 ಅಂಗುಲ. 1933ರಲ್ಲಿ ಡಗ್ಲಸ್ ಬೋಯಿಂಗಿಗೆ ಕಲಿಸಿದ ಪಾಠವನ್ನು ಬೋಯಿಂಗ್ ಈಗ ಡಗ್ಲಸ್ಸಿಗೇ ಒಪ್ಪಿಸಿದಂತಾಯಿತು. 707 ವಿಮಾನವು 1958ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್–ಪ್ಯಾರಿಸ್ ಮಾರ್ಗಕ್ಕಿಳಿಯಿತು. ಡಿಸಿ-8 ಬಂದುದು ಹತ್ತಿರ ಹತ್ತಿರ ಒಂದು ವರ್ಷದ ಮೇಲೆ. ಡಿಸಿ-8 ಯಾವ ದೃಷ್ಟಿಯಿಂದಲೂ ಕೀಳಾದ ವಿಮಾನವಲ್ಲ, ಬಲಿಷ್ಠತೆಯಲ್ಲಿ ಮೇಲೆಂದರೂ ಸಲ್ಲುವುದು. ಆದರೂ ಕಟ್ಟಿದುದು 556. ಸೇನಾರೂಪಗಳನ್ನು ಕೂಡಿಸಿದರೆ 707 ಸಾವಿರವನ್ನು ದಾಟಿತು. ಬೋಯಿಂಗಿನ ಖರ್ಚಿನ ಭಾಗವನ್ನು ಟ್ಯಾಂಕರಿನ ರೂಪದಲ್ಲಿ ವಾಯುಪಡೆ ಹೊತ್ತಿದ್ದರೆ, ಡಗ್ಲಸ್ಸಿನ ಖರ್ಚೆಲ್ಲವನ್ನೂ ಡಗ್ಲಸ್ಸೇ ಹೊರಬೇಕಾಯಿತು.

ಅದಾದ ಮೇಲೆ ಬಂದ ಡಿಸಿ-9 ಸಂಸ್ಥೆಯನ್ನು ಮುಳುಗಿಸಿದ ಬಗೆ ವಿಚಿತ್ರವಾದುದು. ಬಾಲದ ಬಳಿ ಎರಡು ಎಂಜಿನುಗಳು, ಸಣ್ಣ ಊರುಗಳ ನಿಲ್ದಾಣಗಳಿಗೆಂದು ತನ್ನದೇ ಮೆಟ್ಟಿಲು. 1965ರಲ್ಲಿ ಸೇವೆಗೆ ಬಂದ ಈ ವಿಮಾನಕ್ಕಾಗಿ ಕೊಳ್ಳುವವರು ಮುಗಿಬಿದ್ದರು. ಬಂದವರಾರಿಗೂ ಡಗ್ಲಸ್ ಇಲ್ಲವೆನ್ನಲಿಲ್ಲ. ಒಬ್ಬೊಬ್ಬರ ಬಯಕೆಯಂತೆ ಉದ್ದ, ತೂಕ, ಒಳಾಂಗಣಗಳನ್ನು ಬದಲಿಸುತ್ತ ಹೋಯಿತು. ಅತ್ತ ವಿಯಟ್ನಾಂ ಯುದ್ಧವು ಎಂಜಿನುಗಳನ್ನೂ ಬಿಡಿಭಾಗಗಳನ್ನೂ ನುರಿತ ಕೆಲಸಗಾರರನ್ನೂ ಸೆಳೆದುಕೊಂಡಿದ್ದಿತು. ಅಡಿಗೆಯವರು ಸಾಲದಿರುವಾಗ ಊರಿಗೆಲ್ಲ ಎಲೆ ಹಾಕಿಸಿದ ಮದುವೆಮನೆಯ ಯಜಮಾನನ ಪಾಡು ಡಗ್ಲಸ್ಸಿನ ಲಾಂಗ್ ಬೀಚ್ ಕಾರ್ಖಾನೆಯದಾಯಿತು. ಅರೆಕಟ್ಟಿದ ವಿಮಾನಗಳು ಸಾಲುಗಟ್ಟಿ ನಿಂತುವು, ತಡವಾದುದಕ್ಕೆ ವಿಮಾನಯಾನ ಸಂಸ್ಥೆಗಳು ಪರಿಹಾರ ಕೇಳಿದುವು, ಬೇಡಿಕೆಯ ಪುಸ್ತಕ ತುಂಬಿದ್ದರೂ ಬೊಕ್ಕಸ ಬರಿದಾಯಿತು. 1967ರ ಏಪ್ರಿಲಿನಲ್ಲಿ ಸೇಂಟ್ ಲೂಯಿಸ್ ನಗರದ ಜೇಮ್ಸ್ ಮ್ಯಾಕ್‌ಡಾನೆಲ್ಲರು, ಫ್ಯಾಂಟಮ್ ಯುದ್ಧವಿಮಾನದಿಂದ ಗಳಿಸಿದ ಧನಬಲದಿಂದ, ಡಗ್ಲಸ್ ಸಂಸ್ಥೆಯನ್ನು ತಮ್ಮದರೊಡನೆ ವಿಲೀನಗೊಳಿಸಿಕೊಂಡರು; ಕೂಡಿದ ಸಂಸ್ಥೆಯು ಮ್ಯಾಕ್‌ಡಾನೆಲ್ ಡಗ್ಲಸ್ ಎನಿಸಿತು. ಯುದ್ಧವಿಮಾನ ಕಟ್ಟುವವರಿಗೆ ಕೊಳ್ಳುವವನೊಬ್ಬನೇ, ಅವನು ಖರ್ಚನ್ನು ಮುಂಚಿತವಾಗಿ ಕೊಡುವವನು. ಸ್ವಂತ ಹಣವನ್ನು ಹತ್ತು ವರ್ಷ ಹೂತಿಟ್ಟು ಕಾಯುವ ವ್ಯಾಪಾರವು ಅವರ ಸ್ವಭಾವಕ್ಕೆ ಒಗ್ಗಲಿಲ್ಲ.

ಅಮೆರಿಕನ್ ಏರ್‌ಲೈನ್ಸಿನವರು ಕೇಳಿದ ಅಗಲೊಡಲಿನ ವಿಮಾನಕ್ಕೆ ಉತ್ತರವಾಗಿ ಡಗ್ಲಸ್ಸಿನ ಡಿಸಿ-10, ಲಾಕ್‌ಹೀಡಿನ ಟ್ರೈಸ್ಟಾರ್ ಎರಡೂ ಹುಟ್ಟಿದುವು. ಎರಡಕ್ಕೂ ಮೂರು ಎಂಜಿನು, ಎರಡಕ್ಕೂ ಹೆಚ್ಚುಕಡಿಮೆ ಅದೇ ಗಾತ್ರ, ಎರಡೂ 1970ರಲ್ಲಿ ಮೂರು ತಿಂಗಳ ಅಂತರದಲ್ಲಿ ಹಾರಿದಂಥವು. ಒಬ್ಬನಿಗೆ ಸಾಕಾಗುವ ಮಾರುಕಟ್ಟೆಯನ್ನು ಇಬ್ಬರು ಹಂಚಿಕೊಂಡ ಮೇಲೆ ಉಳಿಯುವುದೇನು? 1971ರಲ್ಲಿ ಎಂಜಿನು ಕಟ್ಟುತ್ತಿದ್ದ ರೋಲ್ಸ್-ರಾಯ್ಸ್ ದಿವಾಳಿಯಾಗಿ, ಲಾಕ್‌ಹೀಡನ್ನು ಅಮೆರಿಕ ಸರ್ಕಾರವು 25 ಕೋಟಿ ಡಾಲರುಗಳ ಸಾಲಕ್ಕೆ ಜಾಮೀನು ನಿಂತು ಉಳಿಸಬೇಕಾಯಿತು. 250 ಟ್ರೈಸ್ಟಾರುಗಳನ್ನು ಕಟ್ಟಿ ಆ ಸಂಸ್ಥೆ ಪ್ರಯಾಣಿಕ ವಿಮಾನಗಳಿಗೆ ಶಾಶ್ವತವಾಗಿ ಕೈಮುಗಿಯಿತು. ಡಿಸಿ-10ರ ಗತಿ ಇನ್ನೂ ದಾರುಣ. ಅದರ ಸಾಮಾನುಕೋಣೆಯ ಬಾಗಿಲು ಹೊರಕ್ಕೆ ತೆರೆಯುವಂಥದು. ಅಗುಳಿ ಸರಿಯಾಗಿ ಬೀಳದಿದ್ದರೂ ಬಿದ್ದಂತೆ ಕಾಣುತ್ತಿದ್ದಿತು. 1972ರಲ್ಲಿ ಕೆನಡದ ವಿಂಡ್ಸರಿನ ಮೇಲೆ ಬಾಗಿಲು ಕಿತ್ತುಹೋಗಿ, ಮೇಲಿನ ನೆಲ ಕುಸಿದು, ಅದರಡಿಯ ನಿಯಂತ್ರಣದ ತಂತಿಗಳು ಸಿಕ್ಕಿಹಾಕಿಕೊಂಡರೂ ಪೈಲಟನ ಚಾತುರ್ಯದಿಂದ ಎಲ್ಲರೂ ಉಳಿದರು. ಆಗ ಕಡ್ಡಾಯದ ಆಜ್ಞೆಯನ್ನು ಹೊರಡಿಸಬೇಕಾಗಿದ್ದ ಸರ್ಕಾರಿ ಅಧಿಕಾರಿಗಳು ಸಂಸ್ಥೆಯ ಭರವಸೆಯನ್ನು ನೆಚ್ಚಿ ಸುಮ್ಮನಾದರು. 1974ರ ಮಾರ್ಚ್ 3ರಂದು ಪ್ಯಾರಿಸಿನ ಸಮೀಪದ ಅರಣ್ಯದಲ್ಲಿ ಟರ್ಕಿಯ ಡಿಸಿ-10 ಅದೇ ಕಾರಣದಿಂದ ಬಿದ್ದು 346 ಮಂದಿ ಮಡಿದರು. ಇದನ್ನು ಆಕಸ್ಮಿಕವೆಂದು ಕರೆಯಲು ನನಗೆ ಮನಸ್ಸು ಬಾರದು. 1979ರಲ್ಲಿ ಶಿಕಾಗೊ ನಗರದಲ್ಲಿ ಎಂಜಿನು ಕಳಚಿ ಬಿದ್ದ ದುರಂತಕ್ಕೆ ವಿಮಾನಯಾನ ಸಂಸ್ಥೆಯ ದುರಸ್ತಿಯ ಅಡ್ಡದಾರಿಯೇ ಮೂಲವೆಂದು ತನಿಖೆಯು ಕಂಡುಕೊಂಡರೂ, ಜನರ ಮನಸ್ಸಿನಲ್ಲಿ ಡಿಸಿ-10 ಎಂಬ ಹೆಸರು ಮತ್ತೆ ಶುದ್ಧವಾಗಲಿಲ್ಲ. ಡಾನಲ್ಡ್ ಡಗ್ಲಸರು ಇವೆಲ್ಲವನ್ನೂ ಕಂಡು, 1981ರ ಫೆಬ್ರವರಿ 1ರಂದು ತೀರಿಕೊಂಡರು.

ಅಮೆರಿಕದವರಿಬ್ಬರು ಮೂರು ಎಂಜಿನುಗಳ ವಿಮಾನಕ್ಕಾಗಿ ಕಾದಾಡುತ್ತಿರುವಾಗ, ಎರಡೇ ಎಂಜಿನುಗಳ ಅಗಲೊಡಲಿನ ವಿಮಾನದ ಸ್ಥಾನವು ಬರಿದಾಗಿಯೇ ಉಳಿದಿದ್ದಿತು. ಫ್ರೆಂಚರೂ ಜರ್ಮನರೂ ಮುಂದಾಳುಗಳಾಗಿ 1970ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಏರ್‌ಬಸ್ ಸಂಸ್ಥೆಯು ಆ ಸ್ಥಾನಕ್ಕೆ ಎ300ನ್ನು ತಂದಿತು. ಮೊದಲಲ್ಲಿ ಕೇಳುವವರಿಲ್ಲ. ಇಂಡಿಯನ್ ಏರ್‌ಲೈನ್ಸ್ 1976ರಲ್ಲಿಯೇ ಅದನ್ನು ಹಾರಿಸತೊಡಗಿದುದು ನಮ್ಮವರ ದೂರದೃಷ್ಟಿಯೆಂದು ಹೇಳಬಹುದಾದರೂ, ಒಂದು ವರ್ಷಕ್ಕೂ ಹೆಚ್ಚು ಕಾಲ ಹೊಸ ಬೇಡಿಕೆಯೊಂದೂ ಬಾರದೆ ಕಟ್ಟಿದ ವಿಮಾನಗಳು ತುಲೂಸಿನಲ್ಲಿ ನಿಂತಿದ್ದ ಕಾಲವೂ ಒಂದಿದ್ದಿತು. ಸಾಧಾರಣ ವ್ಯಾಪಾರಿಯಾಗಿದ್ದರೆ ಅಂಗಡಿ ಮುಚ್ಚುತ್ತಿದ್ದನು. ಸರ್ಕಾರಗಳ ಹಣವಿದ್ದುದರಿಂದ ಏರ್‌ಬಸ್ ಕಾಯಬಲ್ಲುದಾಯಿತು. ಹಿಂದೆ ಚಂದ್ರನನ್ನು ಪ್ರದಕ್ಷಿಣೆ ಮಾಡಿ ಬಂದಿದ್ದ ಫ್ರಾಂಕ್ ಬೋರ್ಮನ್ನರು ಆಗ ಈಸ್ಟರ್ನ್ ಏರ್‌ಲೈನ್ಸಿನ ಮುಖ್ಯಸ್ಥರು. ಅವರಿಗೆ 1977ರಲ್ಲಿ ನಾಲ್ಕು ವಿಮಾನಗಳನ್ನು ಆರು ತಿಂಗಳು ಬಾಡಿಗೆಯಿಲ್ಲದೆ ಕೊಟ್ಟು, ಮರುವರ್ಷ 23ಕ್ಕೆ ಬೇಡಿಕೆ ಪಡೆದಾಗ ಅಮೆರಿಕದ ಕೋಟೆಯ ಬಾಗಿಲು ತೆರೆಯಿತು.

ಇಷ್ಟಾದರೂ ಲಾಂಗ್ ಬೀಚಿನವರು ಹೊಸ ವಿಮಾನಕ್ಕೆ ಹಣ ಹೂಡಲಿಲ್ಲ. ಏರ್‌ಬಸ್ 1987ರಲ್ಲಿ ವಿದ್ಯುತ್ ಸಂಕೇತಗಳಿಂದ ನಿಯಂತ್ರಿತವಾದ ಎ320ನ್ನು ಹಾರಿಸಿದಾಗ, ಡಗ್ಲಸ್ ಕೈಯಲ್ಲಿದ್ದುದು 1965ರ ಡಿಸಿ-9ರ ಒಡಲನ್ನೇ ಎಳೆದು ಉದ್ದಮಾಡಿದ ಎಂಡಿ-80. ಅದು 1,191ರಷ್ಟು ಮಾರಿ ಲಾಭ ತಂದಿತೆಂಬುದೇ ಅವರನ್ನು ಮೈಮರೆಸಿದ ಸಂಗತಿ. ಹೊಸತಿಗೂ ತನ್ನದೇ ಕಷ್ಟಗಳಿದ್ದುವೆಂಬುದನ್ನು ಬೆಂಗಳೂರಿನವರು ಬಲ್ಲರು: 1990ರ ಫೆಬ್ರವರಿ 14ರಂದು ನಮ್ಮ ಹಳೆಯ ನಿಲ್ದಾಣದ ಅಂಚಿನ ಗಾಲ್ಫ್ ಮೈದಾನದಲ್ಲಿ ಇಂಡಿಯನ್ ಏರ್‌ಲೈನ್ಸಿನ ಎ320 ನೆಲಕ್ಕಪ್ಪಳಿಸಿ 92 ಮಂದಿ ಮಡಿದರು. ಆದರೆ ಏರ್‌ಬಸ್ ಹಿಂದೆ ಸರಿಯಲಿಲ್ಲ. ಡಿಸಿ-10ನ್ನು ಹಿಗ್ಗಿಸಿ 1990ರಲ್ಲಿ ಹಾರಿಸಿದ ಎಂಡಿ-11 ಮಾತುಕೊಟ್ಟಷ್ಟು ದೂರ ಹೋಗಲಾರದಾದುದರಿಂದ, ಸಿಂಗಪುರದವರು ತಮ್ಮ ಬೇಡಿಕೆಯನ್ನು ರದ್ದುಮಾಡಿ ಏರ್‌ಬಸ್ಸಿನ ಎ340ಕ್ಕೆ ಹೊರಳಿದರು. ಎಂಡಿ-11ರ ನಿರ್ಮಾಣ 200ಕ್ಕೆ ನಿಂತಿತು. ಎರಡನೆಯವರಾಗಿ ಬಂದು ಗೆಲ್ಲುತ್ತಿದ್ದವರು ಈಗ ಮೂರನೆಯವರಾಗಿದ್ದರು. ಈ ವ್ಯಾಪಾರದಲ್ಲಿ ಮೂರನೆಯವನಿಗೆ ಅನ್ನವಿಲ್ಲ.

1996ರ ಡಿಸೆಂಬರ್ 15ರಂದು ಬೋಯಿಂಗ್ ತನ್ನ ಹಳೆಯ ವೈರಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು. ಯುರೋಪಿನ ಆಕ್ಷೇಪಗಳೆಲ್ಲ ಬಗೆಹರಿದು 1997ರ ಆಗಸ್ಟ್ 1ರಂದು ವಿಲೀನವು ಪೂರ್ಣಗೊಂಡಿತು. ಬೋಯಿಂಗಿನ ಹಣದಿಂದ ಮ್ಯಾಕ್‌ಡಾನೆಲ್ ಡಗ್ಲಸ್ಸೇ ಬೋಯಿಂಗನ್ನು ಕೊಂಡಿತೆಂದು ಸಿಯಾಟಲಿನ ಹಳೆಯ ಎಂಜಿನಿಯರುಗಳು ನಗೆಯಾಡುತ್ತಿದ್ದುದರಲ್ಲಿ ಹುರುಳಿಲ್ಲದಿಲ್ಲ: ಸೋತ ಸಂಸ್ಥೆಯ ಹ್ಯಾರಿ ಸ್ಟೋನ್‌ಸೈಫರ್ ಗೆದ್ದ ಸಂಸ್ಥೆಯಲ್ಲಿ ಎರಡನೆಯ ಸ್ಥಾನವನ್ನು ಪಡೆದು, ಮುಂದೆ ಮೊದಲನೆಯದಕ್ಕೂ ಏರಿದರು. 1924ರ ಭೂಪ್ರದಕ್ಷಿಣೆಯಿಂದ ಹುಟ್ಟಿ ರೂಪಾಂತರ ಹೊಂದುತ್ತ ಬಂದಿದ್ದ ಗೋಳದ ಲಾಂಛನವನ್ನೂ ಬೋಯಿಂಗ್ ತನ್ನ ಹೆಸರಿನ ಪಕ್ಕಕ್ಕೆ ತೆಗೆದುಕೊಂಡಿತು. ಎಂಡಿ-11, ಎಂಡಿ-80, ಎಂಡಿ-90 ಒಂದೊಂದಾಗಿ ನಿಂತುವು. ಉಳಿದುದು ಡಿಸಿ-9ರ ವಂಶದ ಕೊನೆಯ ಕುಡಿಯಾದ ಎಂಡಿ-95 ಮಾತ್ರ; ಅದಕ್ಕೆ ಬೋಯಿಂಗ್ 717 ಎಂದು ಹೊಸ ನಾಮಕರಣ ಮಾಡಿ, 156 ವಿಮಾನಗಳನ್ನು ಕಟ್ಟಿ, 2006ರ ಮೇ ತಿಂಗಳಲ್ಲಿ ಕೊನೆಯದನ್ನು ಒಪ್ಪಿಸಿದರು. 1959ರಲ್ಲಿ ಡಿಸಿ-8ನ್ನೂ 1965ರಲ್ಲಿ ಡಿಸಿ-9ನ್ನೂ ಮೊದಲು ಸೇವೆಗಿಳಿಸಿದವರ ಸಾಲಿನಲ್ಲಿದ್ದ ಡೆಲ್ಟಾ ಸಂಸ್ಥೆಯವರು, ಇತರರು ಬೇಡವೆಂದ 717ಗಳನ್ನು 2013ರಿಂದ ಹಿಡಿಯಾಗಿ ಬಾಡಿಗೆಗೆ ಪಡೆದು ತಮ್ಮ ಮಾರ್ಗಗಳಲ್ಲಿ ಓಡಿಸತೊಡಗಿದರು.